ಪರಂಗಿ ಬೀಜ ಮೊಳೆಯುತ್ತಿಲ್ಲ, ಮೊಳೆತದ್ದು ಉಳಿಯುತ್ತಿಲ್ಲ, ಉಳಿದದ್ದು ಕಾಯಿ ಬಿಡುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ನಮ್ಮದು ದಾವಣಗೆರೆ. ಅತ್ತೆಯವರ ಊರಿನ ಹಿತ್ತಿಲಲ್ಲಿದ್ದ ನಾಟಿ ಪರಂಗಿ ಹಣ್ಣು ತುಂಬಾ ರುಚಿಯಾಗಿತ್ತು. ಬೀಜ ತೆಗೆದು ತಟ್ಟೆಯಲ್ಲಿ ಹರವಿ, ಮೂರು ದಿನ ಬಿಸಿಲಲ್ಲಿ ಒಣಗಿಸಿ ಕುಂಡಕ್ಕೆ ಹಾಕಿದೆ. ಒಂದು ತಿಂಗಳು ಏನೂ ಬರಲಿಲ್ಲ. ಇನ್ನು ಆಸೆ ಬಿಟ್ಟೆ ಅನ್ನುವಾಗ ಹನ್ನೆರಡು ಸಸಿ ಬಂದವು. ದಿನಾ ಎರಡು ಹೊತ್ತು ನೀರು ಹಾಕಿದರೂ ಒಂದೊಂದಾಗಿ ಬಿದ್ದು ಸತ್ತವು. ಒಂದೇ ಒಂದು ಉಳಿಯಿತು. ಅದು ಈಗ ಏಳು ಅಡಿ ಬೆಳೆದಿದೆ. ಉದ್ದುದ್ದ ತೊಟ್ಟಿನಲ್ಲಿ ಹೂ ಜೋತು ಬೀಳುತ್ತವೆ, ಕಾಯಿ ಮಾತ್ರ ಇಲ್ಲ. ಕಾಂಡಕ್ಕೆ ಮೊಳೆ ಹೊಡೆದರೆ ಕಾಯಿ ಬಿಡುತ್ತೆ ಅಂತಾರೆ, ನಿಜವಾ? ಅದೇ ಹಣ್ಣಿನ ಬೀಜ ಇನ್ನೂ ಸ್ವಲ್ಪ ಡಬ್ಬಿಯಲ್ಲಿದೆ. ಮತ್ತೆ ಹಾಕಬಹುದಾ? ಹಿತ್ತಿಲು 10 ಅಡಿಗೆ 15 ಅಡಿ ಇದೆ, ಎರೆ ಮಣ್ಣು.

ಉತ್ತರ: ನಿಮ್ಮ ಪತ್ರ ಓದಿ ಮೊದಲು ಹೇಳಬೇಕು ಅನ್ನಿಸಿದ್ದು ಇದು. ನಿಮ್ಮ ಕೈಗುಣದಲ್ಲಿ ಏನೂ ಕೊರತೆ ಇಲ್ಲ. ಪರಂಗಿ ಹಾಕಿದವರೆಲ್ಲ ಎಡವುವುದು ಇದೇ ಮೂರು ಕಡೆ. ಬೀಜದ ಮೇಲಿನ ಲೋಳೆ, ಸಸಿಯ ಕುತ್ತಿಗೆ, ಮತ್ತು ಹೂ ಬರುವ ಮೊದಲೇ "ಇದೊಂದು ಸಾಕು" ಅಂತ ಗಿಡ ಆರಿಸಿಬಿಡುವುದು. ಮೂರನ್ನೂ ಬಿಡಿಸಿ ಹೇಳುತ್ತೇನೆ. ಆಮೇಲೆ ಆ ಏಳು ಅಡಿ ಗಿಡದ ವಿಷಯಕ್ಕೆ ಬರುತ್ತೇನೆ. ಅಲ್ಲಿವರೆಗೆ ದಯವಿಟ್ಟು ಅದಕ್ಕೆ ಕತ್ತಿಯನ್ನೂ ಹಾಕಬೇಡಿ, ಮೊಳೆಯನ್ನೂ ಹೊಡೆಯಬೇಡಿ.

ಹಣ್ಣನ್ನು ಉದ್ದಕ್ಕೆ ಸೀಳಿದಾಗ ಕಪ್ಪು ಬೀಜಗಳು ಹೊಳೆಯುತ್ತವಲ್ಲ, ಒಂದನ್ನು ಬೆರಳಲ್ಲಿ ಒತ್ತಿ ನೋಡಿ. ಪಿಚಕ್ ಅಂತ ಒಂದು ತೆಳು ಚೀಲ ಒಡೆದು ನೀರು ಚಿಮ್ಮುತ್ತದೆ. ಒಳಗಿಂದ ಗೆರೆಗೆರೆಯ, ಒರಟಾದ ಸಣ್ಣ ಬೀಜ ಹೊರಬರುತ್ತದೆ. ನಿಜವಾದ ಬೀಜ ಅದು. ಮೇಲಿನ ಲೋಳೆ ಚೀಲದಲ್ಲಿ ಮೊಳಕೆಯನ್ನು ತಡೆಯುವ ಅಂಶಗಳಿವೆ. ಹಣ್ಣಿನ ಒಳಗೆ ಬೆಚ್ಚಗೆ, ಒದ್ದೆಯಾಗಿ ಇರುವಾಗಲೇ ಬೀಜ ಮೊಳೆತುಬಿಡಬಾರದು ಅಂತ ಗಿಡವೇ ಮಾಡಿಕೊಂಡ ಏರ್ಪಾಡು. ನೀವು ಲೋಳೆಯ ಸಮೇತ ಒಣಗಿಸಿದಿರಿ. ಅದು ಬೀಜಕ್ಕೆ ಅಂಟಿ ಗಟ್ಟಿಯಾಯಿತು. ಕುಂಡದ ನೀರಿಗೆ ಅದು ನೆನೆದು, ಕರಗಿ, ತೊಳೆದು ಹೋಗುವುದಕ್ಕೇ ವಾರಗಟ್ಟಲೆ ಹಿಡಿಯಿತು. ಬಿರುಬಿಸಿಲಿಗೆ ಒಂದಷ್ಟು ಬೀಜದ ಜೀವವೂ ಹೋಯಿತು. ಒಂದು ತಿಂಗಳು ಕಾಯಬೇಕಾಗಿ ಬಂದದ್ದು ಇದಕ್ಕೇ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಚೆನ್ನಾಗಿ ಬಲಿತು, ಗಿಡದಲ್ಲೇ ಬಣ್ಣ ತಿರುಗಿ ಹಣ್ಣಾದ ಕಾಯಿಯ ಬೀಜ ತಗೊಳ್ಳಿ. ಬೆಳ್ಳಗಿರುವ, ಕಂದು ಬಣ್ಣದ ಎಳೆ ಬೀಜ ಬೇಡ. ಅಗಲ ಕಣ್ಣಿನ ಜರಡಿಗೆ ಹಾಕಿ, ಒಂದು ಹಿಡಿ ಒಲೆಯ ಬೂದಿ ಅಥವಾ ಒರಟು ಮರಳು ಸೇರಿಸಿ, ಅಂಗೈಯಿಂದ ಮೆಲ್ಲಗೆ ತಿಕ್ಕಿ. ಬೂದಿ ಜಾರುವುದನ್ನು ತಡೆಯುತ್ತದೆ, ಲೋಳೆ ಹಿಡಿತಕ್ಕೆ ಸಿಗುತ್ತದೆ. ಬೀಜ ಕೈಗೆ ಜಾರದೆ ಒರಟಾಗಿ ತಾಕುವವರೆಗೆ ತಿಕ್ಕಿ, ಮೂರು ನಾಲ್ಕು ನೀರಲ್ಲಿ ತೊಳೆಯಿರಿ. ಆಮೇಲೆ ಒಂದು ಬಟ್ಟಲು ನೀರಿಗೆ ಹಾಕಿ. ತೇಲಿದವು ಜೊಳ್ಳು, ಎಸೆಯಿರಿ. ಮುಳುಗಿದ್ದನ್ನು ಇಟ್ಟುಕೊಳ್ಳಿ. ಲೋಳೆ ಇದ್ದಾಗ ಈ ಪರೀಕ್ಷೆ ಮಾಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ತಿಕ್ಕಿದ ಮೇಲೇ ಮಾಡಿ.

ಈ ಬೀಜವನ್ನು ಒಂದೆರಡು ದಿನ ನೆರಳಲ್ಲಿ ಹಳೆ ಪೇಪರ್ ಮೇಲೆ ಆರಿಸಿ ಬಿತ್ತಿ. ಈಗಲೇ ಬಿತ್ತಲು ಆಗದಿದ್ದರೆ ಪೂರ್ತಿ ನೆರಳಲ್ಲೇ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿಡಿ. ಹೊರಗಿಟ್ಟರೆ ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ದೊಡ್ಡ ನರ್ಸರಿಗಳಲ್ಲಿ ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸುತ್ತಾರೆ, ಎಲ್ಲ ಬೀಜ ಒಟ್ಟಿಗೆ ಮೊಳೆಯಲಿ ಅಂತ. ಮನೆಯ ಹತ್ತಿಪ್ಪತ್ತು ಬೀಜಕ್ಕೆ ಅದು ಬೇಕಾಗಿಲ್ಲ. ಬಿತ್ತುವ ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಟ್ಟರೆ ಸಾಕು.

ಪರಂಗಿಯ ತವರು ಮೆಕ್ಸಿಕೋದ ದಕ್ಷಿಣ ಭಾಗ ಮತ್ತು ಮಧ್ಯ ಅಮೆರಿಕ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಲಕ್ಕೆ ನಮ್ಮ ಕಡೆ ಬಂತು. ಫರಂಗಿಯವರ ಹಣ್ಣು, ಪರಂಗಿ ಹಣ್ಣು. ಕರಾವಳಿಯಲ್ಲಿ ಬಪ್ಪಂಗಾಯಿ ಅನ್ನುತ್ತಾರೆ. ಇದನ್ನು ಹೇಳಿದ್ದು ಒಂದು ಕಾರಣಕ್ಕೆ. ಬೆಚ್ಚಗಿನ ನಾಡಿನ ಗಿಡ ಇದು. ಬೀಜಕ್ಕೆ 25ರಿಂದ 30 ಡಿಗ್ರಿ ಬಿಸಿ ಬೇಕು. ಡಿಸೆಂಬರ್ ಚಳಿಯಲ್ಲಿ ಹಾಕಿದರೆ ಒಳ್ಳೆ ಬೀಜವೂ ಮಂಕಾಗಿ ಕೂತಿರುತ್ತದೆ. ನಿಮ್ಮ ಊರಿಗೆ ಏಪ್ರಿಲ್‌ನಲ್ಲಿ ಬಿತ್ತಿ, ಜೂನ್‌ನಲ್ಲಿ ನೆಡುವುದು ಒಂದು ಹೊಂದಿಕೆ. ಆಗಸ್ಟ್‌ನಲ್ಲಿ ಬಿತ್ತಿ, ಮಳೆ ಇಳಿದ ಮೇಲೆ ಅಕ್ಟೋಬರ್‌ನಲ್ಲಿ ನೆಡುವುದು ಇನ್ನೊಂದು. ಎರೆ ಮಣ್ಣಾದ್ದರಿಂದ ನನಗೆ ಎರಡನೆಯದೇ ವಾಸಿ ಅನ್ನಿಸುತ್ತದೆ. ಮಲೆನಾಡು, ಕರಾವಳಿಯವರಂತೂ ಜಡಿಮಳೆಗೆ ಎಳೆ ಸಸಿ ಸಿಕ್ಕಿಸಲೇಬಾರದು.

ಈಗ ಸಸಿ ಸತ್ತ ವಿಷಯ. ನೀವು ಬರೆದದ್ದನ್ನು ಓದುವಾಗ ನನ್ನ ಕಣ್ಣ ಮುಂದೆ ನನ್ನದೇ ಒಂದು ಟ್ರೇ ಬಂತು. ನಾನು ಮೊದಲ ಸಲ ಸಸಿ ಮಾಡಿದಾಗ ಹಿತ್ತಿಲ ಮಣ್ಣನ್ನೇ ಹಾಗೆ ತುಂಬಿದ್ದೆ. ನಲವತ್ತು ಸಸಿ ಎದ್ದಿದ್ದವು. ಎರಡು ದಿನ ಮೋಡ ಕವಿದ ಜಿಟಿಜಿಟಿ ಮಳೆ. ಮೂರನೇ ಬೆಳಗ್ಗೆ ನೋಡಿದರೆ ಟ್ರೇಯ ಒಂದು ಮೂಲೆಯ ಸಸಿಗಳೆಲ್ಲ ಒಂದೇ ಕಡೆಗೆ ಮಲಗಿದ್ದವು. ಎಲೆ ಇನ್ನೂ ಹಸಿರು, ಬಾಡಿಯೂ ಇಲ್ಲ. ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ಕುಡಿದ ಹಾಗೆ ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿತ್ತು. ಆ ಜಾಗವನ್ನೇ ನಾನು ಕುತ್ತಿಗೆ ಅಂದದ್ದು. ಸಂಜೆಯ ಹೊತ್ತಿಗೆ ಪಕ್ಕದ ಸಾಲು. ನಾಲ್ಕು ದಿನದಲ್ಲಿ ಇಡೀ ಟ್ರೇ ಖಾಲಿ. ಆ ಬೇಸರ ನನಗೆ ಇವತ್ತಿಗೂ ನೆನಪಿದೆ. ನಿಮ್ಮ ಹನ್ನೊಂದು ಸಸಿಗೂ ಆದದ್ದು ಇದೇ ಇರಬೇಕು.

ಇದು ಸಸಿ ಕೊಳೆ ರೋಗ. ಮಣ್ಣಲ್ಲಿ ಯಾವಾಗಲೂ ಇರುವ ಪಿಥಿಯಂ, ಫೈಟಾಪ್ಥೊರಾ, ರೈಜೋಕ್ಟೋನಿಯಾ ಅನ್ನುವ ಬೂಷ್ಟಿನ ಜಾತಿಯವು ಎಳೆ ಕಾಂಡಕ್ಕೆ ನುಗ್ಗುತ್ತವೆ. ಅವಕ್ಕೆ ಬೇಕಾದದ್ದು ಒದ್ದೆ ಮಣ್ಣು, ಗಾಳಿಯಿಲ್ಲದ ಜಾಗ, ಒತ್ತೊತ್ತಾಗಿ ನಿಂತ ಸಸಿ. ಬಾಗಿದ ಸಸಿ ಕಂಡ ಕೂಡಲೇ ನಾವು "ಅಯ್ಯೋ, ನೀರು ಸಾಲಲಿಲ್ಲ" ಅಂತ ಇನ್ನೊಂದು ಚೊಂಬು ಹಾಕುತ್ತೇವೆ. ಪ್ರೀತಿಯಿಂದಲೇ ಹಾಕುತ್ತೇವೆ, ಆದರೆ ರೋಗಕ್ಕೆ ಬೇಕಾದದ್ದೂ ಆ ನೀರೇ. ಪರಂಗಿ ಬಾಯಾರಿಕೆಯನ್ನು ಎರಡು ದಿನ ತಡೆದುಕೊಳ್ಳುತ್ತದೆ. ಕುತ್ತಿಗೆ ಒದ್ದೆಯಾಗಿರುವುದನ್ನು ತಡೆದುಕೊಳ್ಳುವುದಿಲ್ಲ. ಚಿಕ್ಕ ಸಸಿಗೂ ಇದೇ ಮಾತು, ದೊಡ್ಡ ಗಿಡಕ್ಕೂ ಇದೇ ಮಾತು.

ಹಾಗಾಗಿ ಈ ಸಲ ಒಂದೇ ಕುಂಡಕ್ಕೆ ಎಲ್ಲ ಬೀಜ ಚೆಲ್ಲಬೇಡಿ. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಕೂಡಿಡಿ. ಅದು ಉದ್ದಕ್ಕಿರುವುದರಿಂದ ಬೇರು ನೆಟ್ಟಗೆ ಇಳಿಯುತ್ತದೆ. ಮೇಲ್ಭಾಗ ಕತ್ತರಿಸಿ, ತೊಳೆದು, ಕೆಳಗಿನ ಎರಡು ಮೂಲೆ ಕತ್ತರಿಸಿ, ಬದಿಗೆ ನಾಲ್ಕು ತೂತು ಮಾಡಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಮೂರೂ ಸಮ ಸಮ. ನಿಮ್ಮ ಎರೆ ಮಣ್ಣನ್ನು ಇದಕ್ಕೆ ಬಳಸಬೇಡಿ, ನೀರು ಹಿಡಿದುಕೊಂಡು ಬಿಡುತ್ತದೆ. ಮಣ್ಣು ಮತ್ತು ಮರಳನ್ನು ಮೊದಲು ಬಕೆಟ್‌ಗೆ ಹಾಕಿ, ಕುದಿಯುವ ನೀರು ಸುರಿದು ಮುಚ್ಚಿಡಿ. ಆರಿದ ಮೇಲೆ ಹರವಿ ಒಣಗಿಸಿ ಗೊಬ್ಬರ ಬೆರೆಸಿ. ಟ್ರೈಕೋಡರ್ಮಾ ಪುಡಿ ಸಿಕ್ಕರೆ ಬಕೆಟ್ ಮಣ್ಣಿಗೆ ಎರಡು ಚಮಚ ಈ ಹಂತದಲ್ಲಿ ಸೇರಿಸಿ. ಕುದಿನೀರಿಗೆ ಮೊದಲೇ ಸೇರಿಸಿದರೆ ಅದೂ ಸಾಯುತ್ತದೆ. ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆ ಬೂಷ್ಟು ಅದು. ಗೊಬ್ಬರದ ಅಂಗಡಿಗಳಲ್ಲಿ, ತೋಟಗಾರಿಕೆ ಇಲಾಖೆಯ ಫಾರ್ಮ್‌ಗಳಲ್ಲಿ ಸಿಗುತ್ತದೆ.

ಒಂದು ಪ್ಯಾಕೆಟ್‌ಗೆ ಎರಡು ಬೀಜ, ಒಂದು ಸೆಂಟಿಮೀಟರ್ ಆಳ, ಅಷ್ಟೇ. ಮಳೆ ಬೀಳದ, ಆದರೆ ಒಳ್ಳೆ ಬೆಳಕಿರುವ ಕಡೆ ಇಡಿ. ಎರಡರಿಂದ ಮೂರು ವಾರದಲ್ಲಿ ಮೊಳಕೆ ಮಣ್ಣನ್ನು ಎತ್ತಿಕೊಂಡು ಬರುತ್ತದೆ. ಬಂದ ಮೇಲೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳಬೇಕು. ನೆರಳಲ್ಲಿ ಬೆಳೆದ ಸಸಿ ಬೆಳಕು ಹುಡುಕಿಕೊಂಡು ಉದ್ದಕ್ಕೆ, ಬಿಳಿಚಿಕೊಂಡು ಬೆಳೆಯುತ್ತದೆ. ಅಂಥದಕ್ಕೇ ಕೊಳೆ ಮೊದಲು ಹಿಡಿಯುವುದು. ನೀರು ದಿನಕ್ಕೆ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳ ತುದಿಯಿಂದ ಮೇಲ್ಮಣ್ಣು ಮುಟ್ಟಿ. ಒಣಗಿದ್ದರೆ ಹಾಕಿ, ತಂಪಿದ್ದರೆ ಬಿಡಿ. ಹಾಕುವುದೂ ಬೆಳಗ್ಗೆ, ಪ್ಯಾಕೆಟ್‌ನ ಅಂಚಿಗೆ. ಸಂಜೆ ಹಾಕಿದರೆ ರಾತ್ರಿಯೆಲ್ಲ ಕುತ್ತಿಗೆ ಒದ್ದೆ. ಎರಡೂ ಬೀಜ ಬಂದರೆ ಗಟ್ಟಿಯಾದದ್ದನ್ನು ಬಿಟ್ಟು ಇನ್ನೊಂದನ್ನು ಕತ್ತರಿಯಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರೂ ಅಲುಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಸಿ ಬಿದ್ದರೆ ಆ ಪ್ಯಾಕೆಟ್ ಸಮೇತ ದೂರ ಎಸೆದು, ಉಳಿದವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರ್ ನೀರಿಗೆ 3 ಗ್ರಾಂ ಕರಗಿಸಿ ಬುಡಕ್ಕೆ ಸ್ವಲ್ಪ ಸುರಿಯಿರಿ.

ಇನ್ನೊಂದು ಕಾಟ ಶಂಖದ ಹುಳು. ಮಳೆಗಾಲದ ರಾತ್ರಿ ಒಂದು ಹುಳು ಬಂದರೆ ನಾಲ್ಕೈದು ಸಸಿಯ ತಲೆ ಇರುವುದಿಲ್ಲ. ಪ್ಯಾಕೆಟ್‌ಗಳನ್ನು ಸ್ಟೂಲ್ ಮೇಲೋ ಕಟ್ಟೆ ಮೇಲೋ ಇಟ್ಟು, ರಾತ್ರಿ ಟಾರ್ಚ್ ಹಿಡಿದು ಒಮ್ಮೆ ನೋಡಿಬಿಡಿ.

ಒಂದೂವರೆಯಿಂದ ಎರಡು ತಿಂಗಳಲ್ಲಿ ಸಸಿ ಗೇಣುದ್ದ ಆಗುತ್ತದೆ. ಆಗ ನೆಡಬೇಕು. ಅದಕ್ಕೆ ಒಂದು ತಿಂಗಳು ಮೊದಲೇ ಜಾಗ ಸಿದ್ಧ ಮಾಡಿ. ಸಾಮಾನ್ಯವಾಗಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಅನ್ನುತ್ತಾರೆ. ನಿಮ್ಮ ಎರೆ ಮಣ್ಣಲ್ಲಿ ಬರೀ ಗುಂಡಿ ತೋಡಿದರೆ ಅದು ನೀರಿನ ತೊಟ್ಟಿ ಆಗುತ್ತದೆ. ಪರಂಗಿಯ ಬೇರು ನಿಂತ ನೀರಲ್ಲಿ ಎರಡು ದಿನ ಇದ್ದರೆ ಉಸಿರುಕಟ್ಟಿ ಸಾಯುತ್ತದೆ. ಆದ್ದರಿಂದ ಗುಂಡಿಯ ಮಣ್ಣಿಗೆ ಮರಳು ಅಥವಾ ಕೆಂಪು ಮಣ್ಣು, 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ತುಂಬಿದ ಮೇಲೆ ಅದು ನೆಲಕ್ಕಿಂತ ಒಂದು ಅಡಿ ಎತ್ತರದ ದಿಬ್ಬ ಆಗಬೇಕು. ದಿಬ್ಬದ ನೆತ್ತಿಯ ಮೇಲೆ ಗಿಡ. ನೀರಿನ ಪಾತಿ ದಿಬ್ಬದ ಸುತ್ತ, ಬುಡದಿಂದ ಒಂದೂವರೆ ಅಡಿ ಆಚೆ. ಬುಡಕ್ಕೆ ನೀರು ತಾಗಲೇಬಾರದು. ಪ್ಯಾಕೆಟ್ ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಿ. ಪರಂಗಿಯ ತಾಯಿಬೇರು ತುಂಬಾ ನಾಜೂಕು, ಅಲುಗಿದರೆ ಗಿಡ ತಿಂಗಳುಗಟ್ಟಲೆ ಕುಗ್ಗಿಬಿಡುತ್ತದೆ. ಪ್ಯಾಕೆಟ್‌ನಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೇ ನೆಡಿ. ಗಟ್ಟಿ ನಿಲ್ಲಲಿ ಅಂತ ಕುತ್ತಿಗೆವರೆಗೆ ಮಣ್ಣು ಏರಿಸಿದರೆ ಅಲ್ಲೇ ಕೊಳೆ ಶುರು. ಗಾಳಿಗೆ ಆಧಾರ ಬೇಕಾದರೆ ಒಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ.

ನಿಮ್ಮ ಜಾಗದಲ್ಲಿ ಆರು ಆರು ಅಡಿಗೆ ಒಂದರಂತೆ ಮೂರು ಹೊಸ ದಿಬ್ಬ ಮಾಡಿ. ಪ್ರತಿ ದಿಬ್ಬಕ್ಕೂ ಒಂದಲ್ಲ, ಮೂರು ಸಸಿ. ನಡುವೆ ಒಂದೊಂದು ಅಡಿ ಬಿಟ್ಟು, ಒಲೆಯ ಮೂರು ಗುಂಡಿನ ಹಾಗೆ. ಎಲ್ಲರೂ ತಪ್ಪುವ ಮೂರನೇ ಜಾಗ ಇದು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ, ಎರಡೂ ಸೇರಿದ ದ್ವಿಲಿಂಗಿ ಗಿಡ ಅಂತ ಮೂರು ಬಗೆ. ತಳಿಗಳಲ್ಲಿ ಎರಡು ಗುಂಪು. ನಮ್ಮ ಹಳ್ಳಿಗಳ ನಾಟಿ ಪರಂಗಿ ಬಹುಮಟ್ಟಿಗೆ ಗಂಡು ಬೇರೆ, ಹೆಣ್ಣು ಬೇರೆ ಇರುವ ಗುಂಪು. ಅದರ ಬೀಜದಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು ಹುಟ್ಟುತ್ತವೆ. ಎರಡನೆಯ ಗುಂಪಿನಲ್ಲಿ ಗಂಡು ಗಿಡವೇ ಹುಟ್ಟುವುದಿಲ್ಲ. ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದ ಕೂರ್ಗ್ ಹನಿ ಡ್ಯೂ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅಂಗಡಿಯಲ್ಲಿ ಜಾಸ್ತಿ ಕಾಣುವ ತೈವಾನ್ ರೆಡ್ ಲೇಡಿ ಎಲ್ಲ ಈ ಗುಂಪಿನವು. ದ್ವಿಲಿಂಗಿ ಗಿಡದ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೆ, ಅದರ ಬೀಜದಲ್ಲಿ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಯಾವುದು ಬಂದರೂ ಕಾಯಿ ಬಿಡುವ ಗಿಡವೇ. ಮನೆಯಲ್ಲಿ ಒಂದೇ ಗಿಡಕ್ಕೆ ಜಾಗ ಇರುವವರು ಈ ಗುಂಪಿನ ಬೀಜವನ್ನೇ ಹಾಕಬೇಕು, ಅದರಲ್ಲೂ ದ್ವಿಲಿಂಗಿಯನ್ನೇ ಉಳಿಸಿಕೊಳ್ಳಬೇಕು. ಅದಕ್ಕೆ ಬೇರೆ ಗಿಡದ ಹಂಗಿಲ್ಲ.

ಅಂದಹಾಗೆ, ರೆಡ್ ಲೇಡಿಯಂಥ ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಅದೇ ಹಣ್ಣು ಸಿಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಸಿಗುವುದಿಲ್ಲ. ಹೈಬ್ರಿಡ್‌ನ ಮಕ್ಕಳು ಒಂದೊಂದೂ ಒಂದೊಂದು ಥರ. ಕೆಲವು ಚೆನ್ನಾಗಿರುತ್ತವೆ, ಕೆಲವು ಸಪ್ಪೆ. ಮನೆಯ ಖರ್ಚಿಗೆ ಹಾಕಿ ನೋಡಬಹುದು. ಅದೇ ಹಣ್ಣು ಬೇಕು ಅಂದರೆ ಬೀಜದ ಪ್ಯಾಕೆಟ್ ಕೊಳ್ಳಬೇಕು. ತಾರಸಿಯಲ್ಲಿ ಡ್ರಮ್‌ನಲ್ಲಿ ಬೆಳೆಯುವವರಿಗೆ ಪೂಸಾ ನನ್ಹಾ ಅನ್ನುವ ಗಿಡ್ಡ ತಳಿ ಇದೆ. ಮೊಣಕಾಲು ಎತ್ತರದಿಂದಲೇ ಕಾಯಿ ಶುರು. ಆದರೆ ಅದರಲ್ಲಿ ಗಂಡು, ಹೆಣ್ಣು ಬೇರೆ ಬೇರೆ, ಅದು ನೆನಪಿರಲಿ.

ಈಗ ನಿಮ್ಮ ಲೆಕ್ಕ ನೋಡಿ. ನಾಟಿ ಬೀಜ, ಅರ್ಧ ಗಂಡು ಅರ್ಧ ಹೆಣ್ಣು. ನಿಮಗೆ ಉಳಿದದ್ದು ಒಂದೇ ಸಸಿ. ಅಂದರೆ ನಾಣ್ಯ ಚಿಮ್ಮಿದ ಹಾಗೆ. ಗಂಡು ಬಿತ್ತು. ಒಂದೇ ದಿಬ್ಬದಲ್ಲಿ ಮೂರು ಸಸಿ ಇದ್ದರೆ ಮೂರೂ ಗಂಡಾಗುವ ಸಾಧ್ಯತೆ ಎಂಟರಲ್ಲಿ ಒಂದು ಮಾತ್ರ. ಅದಕ್ಕೇ ಮೂರು ನೆಡಿ ಅಂದದ್ದು.

ಬೀಜದ ಬಣ್ಣ ನೋಡಿ, ಬೇರಿನ ಆಕಾರ ನೋಡಿ, ಎಲೆಯ ಸೀಳು ನೋಡಿ ಗಂಡು ಹೆಣ್ಣು ಹೇಳುತ್ತೇವೆ ಅನ್ನುವವರಿದ್ದಾರೆ. ನಂಬಬೇಡಿ. ಪ್ರಯೋಗಾಲಯದ ಪರೀಕ್ಷೆ ಬಿಟ್ಟರೆ ಹೂ ಬರುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಕಾಣುತ್ತೆ ಅಂತ ದಪ್ಪ ಸಸಿ ಉಳಿಸಿಕೊಂಡು ಬಡಕಲನ್ನು ಕಿತ್ತರೆ, ಕಿತ್ತದ್ದೇ ಹೆಣ್ಣಾಗಿರಬಹುದು. ಕಾಯಿರಿ.

ನೆಟ್ಟ ನಾಲ್ಕರಿಂದ ಆರು ತಿಂಗಳಿಗೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಮೊಗ್ಗು ಕಾಣುತ್ತದೆ. ಆಗ ಹತ್ತಿರ ಹೋಗಿ ನೋಡಿ. ಗಂಡಾದರೆ ಸಂದಿಯಿಂದ ಸಪೂರ ತೊಟ್ಟು ಉದ್ದಕ್ಕೆ ಇಳಿದು, ಕವಲೊಡೆದು, ಗೊಂಚಲು ಗೊಂಚಲಾಗಿ ಸಣ್ಣ ಕಹಳೆಯಂಥ ಹೂಗಳು ಜೋತು ಬೀಳುತ್ತವೆ. ನೀವು ಬರೆದಿರುವುದು ಇದನ್ನೇ. ಹೆಣ್ಣಾದರೆ ಮೊಗ್ಗು ಕಾಂಡಕ್ಕೆ ಅಂಟಿಕೊಂಡೇ ಇರುತ್ತದೆ. ಒಂಟಿ ಇಲ್ಲವೇ ಎರಡು ಮೂರು. ಬುಡ ಉಬ್ಬಿ, ತುದಿ ಚೂಪು. ಒಂದನ್ನು ಉಗುರಿಂದ ಸೀಳಿದರೆ ಒಳಗೆ ಗುಂಡನೆಯ ಹಸಿರು ಪಿಂದೆ, ಅದರ ನೆತ್ತಿಯ ಮೇಲೆ ಐದು ಕವಲಿನ ಸಣ್ಣ ಕುಚ್ಚು. ಹಳದಿ ಕೇಸರ ಒಂದೂ ಇರುವುದಿಲ್ಲ. ದ್ವಿಲಿಂಗಿಯ ಮೊಗ್ಗು ಉದ್ದಕ್ಕೆ, ನಡುವೆ ಸ್ವಲ್ಪ ಹಿಂಡಿದ ಹಾಗೆ. ಸೀಳಿದರೆ ಸಪೂರ ಪಿಂದೆಯ ಸುತ್ತ ಹಳದಿ ಕೇಸರ ಕಾಣುತ್ತದೆ. ಮೊದಲ ಒಂದೆರಡು ಮೊಗ್ಗು ನೋಡಿಯೇ ತೀರ್ಮಾನ ಮಾಡಬೇಡಿ. ದ್ವಿಲಿಂಗಿಯ ಮೊದಲ ಹೂಗಳು ಎಷ್ಟೋ ಸಲ ಗಂಡು ಹೂವಿನ ಹಾಗೇ ಇದ್ದು ಉದುರುತ್ತವೆ. ಎರಡು ಮೂರು ವಾರ ನೋಡಿ, ಆಮೇಲೆ ದಿಬ್ಬಕ್ಕೊಂದು ಗಿಡ ಉಳಿಸಿ, ಉಳಿದದ್ದನ್ನು ನೆಲಮಟ್ಟಕ್ಕೆ ಕತ್ತರಿಸಿ.

ಇದೇ ಜಾಗದಲ್ಲಿ ಮೊಳೆಯ ಮಾತಿಗೂ ಉತ್ತರ ಇದೆ. ಹೆಣ್ಣು ಗಿಡ ಯಾವತ್ತೂ ಹೆಣ್ಣೇ. ಆದರೆ ಗಂಡು ಮತ್ತು ದ್ವಿಲಿಂಗಿ ಗಿಡಗಳು ಹವೆ ಬದಲಾದಂತೆ ಸ್ವಲ್ಪ ಆಚೀಚೆ ಆಗುತ್ತವೆ. ಬಿರುಬೇಸಿಗೆಯಲ್ಲಿ ದ್ವಿಲಿಂಗಿ ಬರೀ ಗಂಡು ಹೂ ಬಿಟ್ಟು ಎರಡು ತಿಂಗಳು ಕಾಯಿ ಕಟ್ಟದೆ ಇರಬಹುದು. ಮಳೆ ಬಂದ ಮೇಲೆ ತಾನೇ ಸರಿಹೋಗುತ್ತದೆ. ಹಾಗೇ ಕೆಲವು ಗಂಡು ಗಿಡಗಳ ಜೋತ ತೊಟ್ಟಿನ ತುದಿಯಲ್ಲಿ ಯಾವುದೋ ಕಾಲಕ್ಕೆ ಒಂದೆರಡು ಉದ್ದ ಕಾಯಿ ತೂಗುವುದೂ ಉಂಟು. ಅದಕ್ಕೆ ಸ್ವಲ್ಪ ಮೊದಲು ಯಾರಾದರೂ ಮೊಳೆ ಹೊಡೆದಿದ್ದರೆ, ಹೆಸರು ಮೊಳೆಗೆ ಬರುತ್ತದೆ. ಮೊಳೆಯಿಂದ ಲಿಂಗ ಬದಲಾಗುವುದಿಲ್ಲ. ಪರಂಗಿಯ ಕಾಂಡ ಒಳಗೆ ಟೊಳ್ಳು. ತೂತಾದರೆ ನೀರು ಇಳಿದು ಕೊಳೆಯುತ್ತದೆ, ಅಷ್ಟೇ. ತಲೆ ಕಡಿಯುವುದೂ ಇಷ್ಟೇ ಕಥೆ. ಕವಲು ಬರುತ್ತದೆ, ಆ ಕವಲೂ ಗಂಡೇ.

ಹಾಗಾದರೆ ಆ ಏಳು ಅಡಿ ಗಿಡ? ಅದನ್ನು ಉಳಿಸಿಕೊಳ್ಳಿ. ನೀವು ಮತ್ತೆ ಹಾಕುತ್ತಿರುವುದು ಅದೇ ನಾಟಿ ಬೀಜ. ಅದರಲ್ಲಿ ಸಿಗುವ ಹೆಣ್ಣು ಗಿಡಕ್ಕೆ ಪರಾಗ ಬೇಕೇ ಬೇಕು. ಹತ್ತಿರ ಗಂಡು ಇಲ್ಲದಿದ್ದರೆ ಪಿಂದೆ ಉದುರುತ್ತದೆ, ಇಲ್ಲವೇ ಬೀಜವಿಲ್ಲದ ಸಣ್ಣ ಕಾಯಿ ಆಗುತ್ತದೆ. ತೋಟಗಳಲ್ಲಿ ಹತ್ತು ಹೆಣ್ಣಿಗೆ ಒಂದು ಗಂಡು ಬಿಡುತ್ತಾರೆ. ನಿಮ್ಮ ಹಿತ್ತಿಲಿಗೆ ಆ ಒಂದು ಈಗಾಗಲೇ ಬೆಳೆದು ನಿಂತಿದೆ. ರಾತ್ರಿ ಹಾರುವ ಪತಂಗಗಳು, ಗಾಳಿ, ಪರಾಗ ಒಯ್ಯುವ ಕೆಲಸ ನೋಡಿಕೊಳ್ಳುತ್ತವೆ. ಹೊಸ ದಿಬ್ಬಗಳಲ್ಲಿ ಬಂದ ಗಂಡುಗಳನ್ನೆಲ್ಲ ನಿಶ್ಚಿಂತೆಯಿಂದ ತೆಗೆಯಬಹುದು.

ಗೊಬ್ಬರದ ವಿಷಯ ಚುಟುಕಾಗಿ. ಪರಂಗಿ ವರ್ಷವಿಡೀ ಹೂ, ಕಾಯಿ, ಹಣ್ಣು ಒಟ್ಟಿಗೇ ಹೊರುವ ಗಿಡ, ಹಸಿವು ಜಾಸ್ತಿ. ನೆಟ್ಟ ಎರಡನೇ ತಿಂಗಳಿಂದ ಎರಡು ತಿಂಗಳಿಗೊಮ್ಮೆ ಒಂದು ಬುಟ್ಟಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಕಟ್ಟಿಗೆ ಬೂದಿ ಪಾತಿಗೆ ಹಾಕಿ ಮಣ್ಣು ಮುಚ್ಚಿ. ಕಾಯಿ ಗಂಟುಗಂಟಾಗಿ, ಮೇಲೆ ಹಾಲು ಒಸರುತ್ತಿದ್ದರೆ ಅದು ಬೋರಾನ್ ಕೊರತೆ. ಬೋರಾಕ್ಸ್ ಲೀಟರಿಗೆ 1 ಗ್ರಾಂ ಬೆರೆಸಿ ಎಲೆಗೆ ಸಿಂಪಡಿಸಿ.

ರೋಗಗಳಲ್ಲಿ ನಾನು ನಿಜವಾಗಿ ಹೆದರುವುದು ಒಂದಕ್ಕೇ, ಉಂಗುರ ಚುಕ್ಕೆ ನಂಜು ರೋಗ. ಸುಳಿಯ ಎಲೆ ಹಳದಿ ಹಸಿರು ಮಚ್ಚೆಯಾಗಿ, ಸೀಳು ಸೀಳಾಗಿ ದಾರದಂತಾಗುತ್ತದೆ. ಎಲೆ ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಗೆರೆ, ಕಾಯಿಯ ಮೇಲೆ ಉಂಗುರ ಉಂಗುರ ಕಲೆ. ಇದಕ್ಕೆ ಔಷಧಿ ಇಲ್ಲ. ಕಂಡ ದಿನವೇ ಗಿಡ ಕಿತ್ತು ಸುಡಬೇಕು, ಪಕ್ಕದ ಗಿಡಗಳಾದರೂ ಉಳಿಯಲಿ. ಇದನ್ನು ಹರಡುವುದು ಗಿಡಹೇನು, ಗಿಡದಿಂದ ಗಿಡಕ್ಕೆ ಹಾರಿ ಒಂದೆರಡು ನಿಮಿಷ ರಸ ಹೀರಿದರೂ ಸಾಕು. ಕುಂಬಳ, ಸೌತೆ, ಹೀರೆ ಬಳ್ಳಿಗಳಿಗೂ ಈ ನಂಜು ತಗಲುತ್ತದೆ, ಅವನ್ನು ಪರಂಗಿ ಪಕ್ಕ ಹಬ್ಬಿಸಬೇಡಿ. ಸಮಾಧಾನದ ಸಂಗತಿ ಅಂದರೆ ಈ ನಂಜು ಬೀಜದಿಂದ ಬರುವುದಿಲ್ಲ. ಮನೆಯಲ್ಲೇ ಬೀಜ ಹಾಕಿ, ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗೆ ಸಸಿ ಬೆಳೆಸಿದರೆ ಶುಚಿಯಾದ ಗಿಡ ನಿಮ್ಮ ಕೈಗೆ ಸಿಗುತ್ತದೆ. ತಂದು ನೆಟ್ಟ ಸಸಿಗಿಂತ ಮನೆಯ ಸಸಿ ಮೇಲು ಅಂತ ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಎಲೆಯಡಿ, ಕಾಯಿಯ ಸುತ್ತ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ನಮ್ಮ ಪರಂಗಿ, ಹಿಪ್ಪುನೇರಳೆ ತೋಟಗಳನ್ನೆಲ್ಲ ಹಾಳು ಮಾಡಿತ್ತು. 2010ರಲ್ಲಿ ಪೋರ್ಟೊರಿಕೋದಿಂದ ಅದರ ಶತ್ರುವಾದ ಸಣ್ಣ ಕಣಜಗಳನ್ನು ತರಿಸಿ, ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟರು. ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಔಷಧಿಗೆ ಬಗ್ಗದ ಹುಳು ಇದರಿಂದ ಹತೋಟಿಗೆ ಬಂತು. ಆ ಕಣಜದ ಸಂತತಿ ಈಗಲೂ ನಮ್ಮ ತೋಟಗಳಲ್ಲಿದೆ. ಹಾಗಾಗಿ ಕಡು ಔಷಧಿ ಹೊಡೆದು ಅದನ್ನು ಸಾಯಿಸಬೇಡಿ. ಪೈಪ್‌ನಲ್ಲಿ ಜೋರು ನೀರು ಬಿಟ್ಟು ತೊಳೆಯಿರಿ. ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಬೆರೆಸಿ ಸಿಂಪಡಿಸಿ. ಬುಡದಲ್ಲಿ ಇರುವೆ ಸಾಲು ಇದ್ದರೆ ಅದನ್ನು ಮೊದಲು ತಡೆಯಿರಿ, ತಿಗಣೆಯನ್ನು ಕಾಯುವುದೇ ಅವು.

ಎಲ್ಲ ಸರಿಯಾಗಿ ನಡೆದರೆ ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಮೊದಲ ಹಣ್ಣು. ಕಾಯಿಯ ತುದಿಯಲ್ಲಿ ಒಂದೆಳೆ ಹಳದಿ ಗೆರೆ ಕಂಡ ದಿನ ಕೊಯ್ಯಿರಿ, ಮನೆಯೊಳಗೆ ಮೂರು ನಾಲ್ಕು ದಿನಕ್ಕೆ ಹಣ್ಣಾಗುತ್ತದೆ. ಬೀಜಕ್ಕೆ ಮಾತ್ರ ಒಂದೆರಡನ್ನು ಗಿಡದಲ್ಲೇ ಬಿಡಿ.

ಉಳಿದದ್ದು ನಿಮ್ಮ ಡಬ್ಬಿಯ ಬೀಜ. ಬಿಸಿಲಲ್ಲಿ ಒಣಗಿದ್ದು, ಲೋಳೆಯೂ ಅಂಟಿದೆ. ಆದರೂ ಎಸೆಯಬೇಡಿ. ಹತ್ತು ಬೀಜ ಎಣಿಸಿ ತೆಗೆದು, ಒಂದು ರಾತ್ರಿ ನೆನೆಸಿ, ಬೂದಿಯಲ್ಲಿ ತಿಕ್ಕಿ ತೊಳೆದು, ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿಡಿ. ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ಮೂರು ವಾರದಲ್ಲಿ ಐದಾದರೂ ಬಿಳಿ ಮೂತಿ ತೋರಿಸಿದರೆ ಉಳಿದದ್ದನ್ನೆಲ್ಲ ಇದೇ ರೀತಿ ತೊಳೆದು ಪ್ಯಾಕೆಟ್‌ಗೆ ಹಾಕಿ. ಒಂದೋ ಎರಡೋ ಬಂದರೆ ಅತ್ತೆಯವರಿಗೆ ಫೋನ್ ಮಾಡಿ, ಮುಂದಿನ ಸಲ ಬರುವಾಗ ಗಿಡದಲ್ಲೇ ಹಣ್ಣಾದ ಒಂದು ಪರಂಗಿ ತರಲು ಹೇಳಿ.